ಬೀಸೋಕಲ್ಲಿನ ಗ್ರಹಣ

"ಅವತ್ತು ಅತ್ತೆ ಕೂಗಿದ್ರೂ ನೀನು ಹಿಂದಕ್ಕೆ ಬರಲಿಲ್ಲ. ಅದಕ್ಕೇ ನಿನ್ನ ಹಿಟ್ಟು ಕೆಟ್ಟಿದ್ದು" ಎಂದು ಸೂಜಿ ತಾರಸಿಯ ಕುರ್ಚಿಯಲ್ಲಿ ಕೂರುತ್ತಲೇ ಶುರು ಹಚ್ಚಿಕೊಂಡಳು.

ಗಿರಗಿಟ್ಲೆಗೆ ಮೈಯೆಲ್ಲ ಉರಿದುಹೋಯಿತು. ಐವತ್ತೊಂದು ವರ್ಷದಿಂದ ಇದೇ ರಾಗ. "ಕೂಗಿದ್ದು ನಿನ್ನ ಅತ್ತೆ ಕಣೇ, ನನ್ನದಲ್ಲ!"

ಗ್ರಹಣ ನೋಡುವ ಕಪ್ಪು ಕನ್ನಡಕ ತಂದುಕೊಟ್ಟ ಗಿರಗಿಟ್ಲೆಯ ಮೊಮ್ಮಗಳು ಕಣ್ಣು ಕಣ್ಣು ಬಿಟ್ಟಳು. "ಅಜ್ಜೀ, ನಿಮ್ಮಿಬ್ಬರಿಗೂ ಒಬ್ಬಳೇ ಅತ್ತೇನಾ?"

ಮುದುಕಿಯರಿಬ್ಬರೂ ಜಗಳ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಿರಗಿಟ್ಲೆಯೇ ಬಿಡಿಸಿ ಹೇಳಿದಳು. ಹರೆಯದಲ್ಲಿ ಇಬ್ಬರೂ ಖಗೋಳ ಕಚೇರಿಯ ಲೆಕ್ಕದ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು, ಹಿಡಿ ತಿರುಗಿಸಿ ಲೆಕ್ಕ ಮಾಡುವ ಕಬ್ಬಿಣದ ಯಂತ್ರ ನಡೆಸುತ್ತಿದ್ದವರು. ಅದಕ್ಕೆ ಕೋಣೆಯ ಹುಡುಗಿಯರು ಇಟ್ಟ ಹೆಸರು ಬೀಸೋಕಲ್ಲು. ಉತ್ತರವೆಂದರೆ ಹಿಟ್ಟು. ಭಾಗಾಕಾರ ಮಾಡುವಾಗ ಒಂದು ಸುತ್ತು ಹೆಚ್ಚಾದರೆ ಯಂತ್ರದೊಳಗೆ ಠಣ್ ಎಂದು ಗಂಟೆ ಬಡಿಯುತ್ತಿತ್ತು. ತಕ್ಷಣ ಒಂದು ಸುತ್ತು ಹಿಂದಕ್ಕೆ ತಿರುಗಿಸಬೇಕು. ತಪ್ಪಾದ ಕ್ಷಣಕ್ಕೇ ಕೂಗುವ ಆ ಗಂಟೆಯೇ ಅತ್ತೆ. ಎಲ್ಲರಿಗಿಂತ ಜೋರಾಗಿ ಬೀಸುತ್ತಿದ್ದವಳು ಗಿರಗಿಟ್ಲೆ, ತೆಳ್ಳಗಿದ್ದವಳು ಸೂಜಿ. ಈಗ ಸೂಜಿ ಕೂತರೆ ಕುರ್ಚಿ ನರಳುತ್ತದೆ. ಹೆಸರು ಮಾತ್ರ ತೆಳ್ಳಗೇ ಉಳಿದಿದೆ.

ಈ ಊರಿನ ಮೇಲೆ ಪೂರ್ಣ ಸೂರ್ಯಗ್ರಹಣ ಇನ್ಯಾವಾಗ ಎಂದು ಲೆಕ್ಕ ಹಾಕಲು ಮುಖ್ಯಸ್ಥರು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದರು. ಮೂರು ತಿಂಗಳು ಬೀಸಿದರು. ಐವತ್ತೊಂದು ವರ್ಷದಾಚೆಯ ದಿನ, ಗಂಟೆ, ನಿಮಿಷ ಎಲ್ಲ ಇಬ್ಬರದೂ ತಾಳೆಯಾದವು. ನಲವತ್ತು ಸೆಕೆಂಡಿನ ವ್ಯತ್ಯಾಸ ಮಾತ್ರ ಉಳಿಯಿತು: ಸೂಜಿಯದು ಹತ್ತನೇ ಸೆಕೆಂಡು, ಗಿರಗಿಟ್ಲೆಯದು ಐವತ್ತನೆಯದು. ಕೊನೆಯ ಭಾಗಾಕಾರದ ಹೊತ್ತಿಗೆ ಯಾವುದೋ ಯಂತ್ರದ ಗಂಟೆ ಬಡಿದದ್ದನ್ನು ಇಬ್ಬರೂ ಕೇಳಿದ್ದರು, ಇಬ್ಬರೂ ಇನ್ನೊಬ್ಬಳದೆಂದುಕೊಂಡಿದ್ದರು. ಮುಖ್ಯಸ್ಥರು ಸೂಜಿಯದನ್ನು ಅಚ್ಚಿಗೆ ಕಳಿಸಿ, ಗಿರಗಿಟ್ಲೆಯ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಅಜಾಗರೂಕತೆ' ಎಂದು ಬರೆದರು. ಮರುವಾರವೇ ಅವಳನ್ನು ಟಪಾಲು ವಿಭಾಗಕ್ಕೆ ಹಾಕಿದರು. ನಿವೃತ್ತಿಯಾಗುವ ತನಕ ಅವಳು ಲಕೋಟೆಗೆ ಗೋಂದು ಹಚ್ಚಿದಳು. ಮತ್ತೆ ಆ ಹಿಡಿ ಮುಟ್ಟಲಿಲ್ಲ.

"ಫೋನಲ್ಲಿ ಕರೆಕ್ಟ್ ಟೈಮ್ ಇದೆಯಲ್ಲಾ, ನೋಡಿಬಿಡ್ಲಾ?" ಎಂದಳು ಮೊಮ್ಮಗಳು.

"ಮುಟ್ಟಿದ್ರೆ ನೋಡು!" ಇಬ್ಬರೂ ಒಂದೇ ಸಲಕ್ಕೆ ಗದರಿದರು. ಈ ಹಾಳು ಸಮಯ ಕಣ್ಣಿಗೆ ಬಿದ್ದೀತೆಂದು ಹದಿನೈದು ದಿನದಿಂದ ಪತ್ರಿಕೆಯನ್ನೂ ಓದಿರಲಿಲ್ಲ. ಗಡಿಯಾರ ನೋಡಿ ಸೆಕೆಂಡು ಎಣಿಸುವ ಕೆಲಸವಷ್ಟೇ ಹುಡುಗಿಗೆ ಸಿಕ್ಕಿತು.

ಬೆಳಕು ತೆಳುವಾಗುತ್ತ ಬಂತು. ನಡುಮಧ್ಯಾಹ್ನದಲ್ಲೇ ಗಾಳಿ ತಣ್ಣಗಾಯಿತು. ಲೆಕ್ಕದ ನಿಮಿಷ ಬಂತು. "ಎಂಟು, ಒಂಬತ್ತು, ಹತ್ತು" ಎಂದಳು ಮೊಮ್ಮಗಳು. ಅದು ಸೂಜಿಯ ಹೊತ್ತು. ಸೂರ್ಯನ ಅಂಚು ಇನ್ನೂ ಇತ್ತು. ಹದಿನೈದು ಆಯಿತು, ಇಪ್ಪತ್ತೂ ಆಯಿತು. ಗಿರಗಿಟ್ಲೆಗೆ ತನ್ನ ಹೊತ್ತೂ ಹೀಗೇ ದಾಟಿಹೋದರೆ ಎಂಬ ಭಯ. ನಲವತ್ತು. ದೂರದ ಚಿಮಣಿ ಕಪ್ಪಾಯಿತು. ನೀರಿನ ಟ್ಯಾಂಕು ಕಪ್ಪಾಯಿತು. ನೆರಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಅವರತ್ತಲೇ ಬರುತ್ತಿತ್ತು. "ನಲವತ್ತೊಂಬತ್ತು, ಐವತ್ತು" ಎನ್ನುವಷ್ಟರಲ್ಲಿ ಹುಡುಗಿಗೆ ಗಡಿಯಾರದ ಮುಳ್ಳು ಕಾಣದಾಯಿತು.

ಬೀದಿದೀಪಗಳು ತಾವಾಗಿ ಹೊತ್ತಿಕೊಂಡವು. ಹಕ್ಕಿಗಳ ಸದ್ದು ನಿಂತಿತು. ಮೇಲೆ ಸೂರ್ಯನಿದ್ದ ಜಾಗದಲ್ಲಿ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಬಿಳಿಯ ಬೆಳಕು ನೀರಿನಲ್ಲಿ ಕೂದಲು ಬಿಚ್ಚಿದಂತೆ ಹರಡಿತ್ತು.

"ನಿಂದೇ ಸರಿ ಕಣೇ" ಎಂದಳು ಸೂಜಿ. "ಇಷ್ಟು ವರ್ಷ ನಿನ್ನ ತಲೆ ತಿಂದೆ. ಬೈ. ಬಾಯಿಗೆ ಬಂದದ್ದು ಬೈದುಬಿಡು."

ಬೈಗುಳವನ್ನು ಗಿರಗಿಟ್ಲೆ ಐವತ್ತೊಂದು ವರ್ಷದಿಂದ ಮಸೆದು ಮಸೆದು ಇಟ್ಟುಕೊಂಡಿದ್ದಳು. ಈಗ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಕುರ್ಚಿಯಿಂದ ಎದ್ದು, ಬಿದ್ದೇನೆಂದು ಸೂಜಿಯ ಹೆಗಲು ಹಿಡಿದುಕೊಂಡು ಮೇಲೆ ನೋಡಿದಳು.

"ನಮಗೆ ಗೊತ್ತಿದ್ದದ್ದು ಹೊತ್ತು ಮಾತ್ರ ಕಣೇ" ಎಂದಳು. "ಇದು ಗೊತ್ತೇ ಇರಲಿಲ್ಲ."