ಅಜ್ಜಿಯ ಹೆಬ್ಬೆಟ್ಟು

ಪೋಸ್ಟಾಫೀಸಿನಲ್ಲಿ ಶಾಯಿಯ ವಾಸನೆ ಬಂದರೆ ಇಂದಿಗೂ ನನಗೆ ಖಾನಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅದು ಬ್ರಿಟಿಷರ ಕಾಲ. ಊರಿಗೊಂದು ವಾಚನಾಲಯ ತೆರೆಯಲು ಲೋಕಲ್ ಬೋರ್ಡಿನ ಅನುದಾನ ಕೇಳುವ ಅರ್ಜಿ ಹಿಡಿದು ಅಪ್ಪ ಮನೆಮನೆಗೆ ಹೋಗುತ್ತಿದ್ದರು. ಹತ್ತು ವರ್ಷದ ನಾನು ಶಾಯಿಯ ದೌತಿ ಹಿಡಿದು ಹಿಂದೆ ನಡೆಯುತ್ತಿದ್ದೆ.

ಅರಿವೆ ಅಂಗಡಿಯ ಮರಾಠಿ ಕಾಕಾ, "ಪುಸ್ತಕ ಎಲ್ಲಾ ಕನ್ನಡದ್ದ ಏನ್ರಿ?" ಎಂದರು.

"ಕನ್ನಡ, ಮರಾಠಿ ಎರಡೂ ಒಂದ ಕಪಾಟಿನ್ಯಾಗ ಇರತಾವರಿ," ಎಂದರು ಅಪ್ಪ. ಕಾಕಾ ನಕ್ಕು ಸಹಿ ಹಾಕಿದರು.

ಮನೆಗೆ ಬಂದಾಗ ಅಜ್ಜಿ ತನ್ನ ಒರಟು ಹೆಬ್ಬೆಟ್ಟು ಚಾಚಿದಳು.

"ನಿನಗ ಓದಾಕ ಬರೂದಿಲ್ಲಲ್ಲ, ಅವ್ವಾ," ಎಂದರು ಅಪ್ಪ.

"ಇಕಿ ಓದತಾಳ, ನಾ ಕೇಳತೀನಿ," ಎಂದು ಅಜ್ಜಿ ನನ್ನ ಕಡೆ ತೋರಿಸಿದಳು.

ಎರಡು ವರ್ಷದ ಮೇಲೆ ಅನುದಾನ ಬಂದು ವಾಚನಾಲಯ ತೆರೆದಾಗ, ನಾನು ಹನ್ನೆರಡಕ್ಕೇ ಮದುವೆಯಾಗಿ ಬೆಳಗಾವಿಯ ರವಿವಾರ ಪೇಟೆ ಸೇರಿದ್ದೆ. ಅಜ್ಜಿ ದಿನಾ ಅಲ್ಲಿಗೆ ಹೋಗಿ ಒಂದು ಪುಸ್ತಕ ಮುಟ್ಟಿ ಬರುತ್ತಿದ್ದಳಂತೆ.