ಬೀರುವಿನಲ್ಲಿ ಭದ್ರವಾಗಿದ್ದ ಕಾರ್ಡು

ನಮ್ಮ ಬೀದಿಯ ಸುರಕ್ಷತೆಗೆ ಸಂಬಂಧಿಸಿದ ಗಂಭೀರ ವಿಷಯವೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ: ಮೂಲೆಯ ಮನೆಯ ಯಜಮಾನರು ತಮ್ಮ ಬ್ಯಾಂಕ್ ಕಾರ್ಡನ್ನು ಫೋನಿನಲ್ಲಿ ಸೇವ್ ಮಾಡಲು ಒಪ್ಪುತ್ತಿರಲಿಲ್ಲ.

ಕಾರ್ಡು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿತ್ತು. ಅದರ ಹದಿನಾರು ಅಂಕಿಗಳು ಅವರ ಬಾಯಲ್ಲಿದ್ದವು. ಹೆಂಡತಿ ಏನು ಕೊಳ್ಳಬೇಕಾದರೂ ಅವರು ಹಜಾರದಲ್ಲಿ ಓಡಾಡುತ್ತ ಒಂದೊಂದೇ ಅಂಕಿ ಹೇಳಬೇಕು, ಆಕೆ ಒತ್ತಬೇಕು. ಈ ನಿಧಾನದಲ್ಲಿ ಎರಡು ದಿನದಿಂದ ರೈಲಿನ ತತ್ಕಾಲ್ ಟಿಕೆಟ್ ಕೈತಪ್ಪುತ್ತಿತ್ತು. ತಂಗಿಯ ಮಗಳ ಮದುವೆ ನಾಳಿದ್ದು. ಇವತ್ತು ಸಿಗದಿದ್ದರೆ ಹೋಗುವಂತಿಲ್ಲ.

"ರೀ, ಒಂದ್ಸಲ ಸೇವ್ ಮಾಡಿಬಿಡೋಣ. ಅಂಗಡಿಯವರಿಗೆ ನಮ್ಮ ನಂಬರ್ ಕಾಣಿಸೋದೇ ಇಲ್ವಂತೆ. ಓಟಿಪಿ ಒತ್ತಿದ್ರೆ ಮುಗೀತಂತೆ," ಎಂದರು ಆಕೆ, ನೂರನೆಯ ಸಲ ಹೇಳುವವರ ದನಿಯಲ್ಲಿ.

"ಅಂತೆ ಕಂತೆ ನಂಬ್ಕೊಂಡು ಕಂಡೋರ ಕೈಗೆ ನಂಬರ್ ಕೊಡಕ್ಕಾಗುತ್ತೇನೆ? ಒತ್ತು. ಐದು, ಎರಡು, ಒಂದು..."

ಆಕೆ ಒತ್ತುತ್ತ ಹೋದರು. ಹನ್ನೆರಡನೆಯ ಅಂಕಿ ಮುಗಿಯುವಷ್ಟರಲ್ಲಿ ಯಜಮಾನರಿಗೆ ಕೆಮ್ಮು ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ.

"ಇನ್ನು ನಾಲ್ಕೇ ನಂಬರ್ ರೀ. ಸೀಟು ಖಾಲಿಯಾಗ್ತಿದೆ."

ಅವರು ಬೆರಳೆತ್ತಿ ಏನೋ ತೋರಿಸಿದರು, ಮತ್ತೆ ಕೆಮ್ಮಿದರು.

ಪಕ್ಕದ ಮನೆಯ ಕಿಟಕಿಯ ಬಳಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು: "ಸೊನ್ನೆ, ಒಂಬತ್ತು, ಎರಡು, ಏಳು. ಹಿಂದುಗಡೆ ಇರೋ ಮೂರು ನಂಬರೂ ಹೇಳ್ಲೇನಮ್ಮ?"

ಟಿಕೆಟ್ ಸಿಕ್ಕಿತು.