ಗಂಜಿ ಹಾಕಿದ ಎಳೆ

ಒಂದು ಲಡಿ ರೇಷ್ಮೆಯನ್ನು ಗಂಜಿಯಲ್ಲಿ ಅದ್ದಿ ಬಿಸಿಲಿಗೆ ಹರವಿದ ಚೌಡಯ್ಯನವರಿಗೆ ಎರಡನೆಯ ಲಡಿಯನ್ನು ಅದ್ದಲು ಕೈ ಬರಲಿಲ್ಲ. ಕೊಳ್ಳೇಗಾಲದಲ್ಲಿ ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕೂತವರು ಅವರು. ಗಂಜಿ ಎಳೆಗೆ ಬಲ ಕೊಡುತ್ತದೆ, ನಿಜ. ನೇಯ್ಗೆ ತೆಳುವಾಗಿದ್ದರೆ ಅದನ್ನು ಮುಚ್ಚಿಹಾಕುವುದೂ ಅದೇ ಗಂಜಿ. ಮೊದಲ ಒಗೆತದವರೆಗೆ ಯಾರಿಗೂ ತಿಳಿಯುವುದಿಲ್ಲ.

ಲಡಿ ಕೇಳಿಕೊಂಡು ಬಂದವನು ಯಳಂದೂರಿನ ಬಿಳಿಗಿರಿ. ಚೌಡಯ್ಯನವರ ಮಗ ಚಿನ್ನಸ್ವಾಮಿಯ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಬೆಂಗಳೂರಿನಲ್ಲಿ ವಿಮಾನದ ನಕ್ಷೆ ಬರೆಯುವ ಎಂಜಿನಿಯರು. ಚಿನ್ನಸ್ವಾಮಿ ಮಿಲಿಟರಿ ವಿಮಾನ ಹಾರಿಸುವುದನ್ನು ಕಲಿಯಲು ಹೋದವನು ತಿರುಗಿ ಬರಲಿಲ್ಲ. ಅಂಥ ವಿಮಾನದಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಗುರುವಿನ ಕಾಲ ಕೆಳಗೇ ರೆಕ್ಕೆ ಹರಡಿಕೊಂಡಿತ್ತು. ಕೆಳಗಿನಿಂದ ಏರಿ ಬಂದು ಢಿಕ್ಕಿ ಹೊಡೆದ ಇನ್ನೊಂದು ವಿಮಾನ ಅವರಿಗೆ ಕಾಣಲಿಲ್ಲ.

ಅಂದಿನಿಂದ ಎರಡು ವರ್ಷ ಬಿಳಿಗಿರಿ ಒಂದೇ ಹಟ ಹಿಡಿದಿದ್ದ. ಅವನು ಬರೆದ ಹೊಸ ಜೆಟ್ ವಿಮಾನದಲ್ಲಿ ರೆಕ್ಕೆಗಳ ಬುಡ ಗುರುವಿನ ಬೆನ್ನ ಹಿಂದೆ ಇತ್ತು. ತುದಿಗಳು ಮಾತ್ರ ಮುಂದಕ್ಕೆ ಚಾಚಿಕೊಂಡಿದ್ದವು. ಹಿಂದೆ ಕೂತವನಿಗೂ ನೆಲ ಕಾಣಬೇಕು, ಅಷ್ಟೆ. ನಕ್ಷೆಯ ಮೂಲೆಯಲ್ಲಿ ಗೆಳೆಯನ ಹೆಸರಿನ ಮೊದಲಕ್ಷರ ಬರೆದಿದ್ದ. ಅದನ್ನು ಅವನು ತೋರಿಸಿದ ದಿನ ಚೌಡಯ್ಯನವರು ಅಮ್ಮನವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಆ ರೆಕ್ಕೆ ಮೇಲೇಳದೆ ಹೋದರೆ ಮಗ ಎರಡನೆಯ ಸಲ ಹೋದಂತೆ ಎಂದು ಅವರಿಗೂ ಅನ್ನಿಸುತ್ತಿತ್ತು.

ಈಗ ಅಂಥದೇ ಗಳಿಗೆ ಬಂದಿತ್ತು. ಮರದ ಮಾದರಿಯ ರೆಕ್ಕೆಗಳ ಮೇಲೆ ಗೇಣಿಗೆ ಹತ್ತರಂತೆ ಸಣ್ಣ ಎಳೆಗಳನ್ನು ಅಂಟಿಸಿ, ಸುರಂಗದಂಥ ಕೊಳವೆಯಲ್ಲಿಟ್ಟು ಜೋರಾಗಿ ಗಾಳಿ ಬಿಟ್ಟು ಫೋಟೋ ತೆಗೆಯುತ್ತಾರಂತೆ. ಎಳೆ ನೆಟ್ಟಗೆ ಮಲಗಿದರೆ ಗಾಳಿ ರೆಕ್ಕೆಯನ್ನು ಹಿಡಿದುಕೊಂಡಿದೆ ಎಂದು ಅರ್ಥ. ಎದ್ದು ಒದ್ದಾಡಿದರೆ ಕೈಬಿಟ್ಟಿದೆ, ವಿಮಾನ ಬೀಳಬಹುದು ಎಂದು. ಹೋದ ಸಲ ಬುಡದ ಎಳೆಗಳು ಒದ್ದಾಡಿದ್ದವು. ಸೋಮವಾರ ಕೊನೆಯ ಪರೀಕ್ಷೆ. ಆ ಫೋಟೋ ನೋಡಿ, ವಿಮಾನ ಕಟ್ಟಬೇಕೋ ಬೇಡವೋ ಎಂದು ದೊಡ್ಡವರು ತೀರ್ಮಾನ ಮಾಡುತ್ತಾರೆ.

"ಗಂಜಿ ಹಾಕುದ್ರೆ ಎಳೆ ಸುಮ್ಕಿರ್ತದೆ ಕಣಪ್ಪ. ಗಾಳಿ ಸುಮ್ಕಿದ್ದದಾ?" ಎಂದರು ಚೌಡಯ್ಯ.

ಬಿಳಿಗಿರಿ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ. "ರೇಷ್ಮೆ ತೀರಾ ಹಗುರ ಅಯ್ಯ. ಏನೂ ಇಲ್ದೇನೂ ಒದ್ದಾಡ್ತದೆ. ವಸಿ ಬಿಗಿ ಇದ್ರೆ ಸಾಕು."

ಒಲೆಯ ಮುಂದಿದ್ದ ರುದ್ರಾಣಮ್ಮನಿಗೆ ಗಂಡನ ಅನುಮಾನ ಸಹಿಸಲಾಗಲಿಲ್ಲ. ಗಂಜಿ ಕಾಯಿಸಿದವಳು ಅವಳೇ. "ಮಗನ ಪಟಕ್ಕೆ ದಿನಾ ಊವ ಏರ್ಸಕೆ ಕೈ ಬತ್ತದೆ, ಅವನ ಎಸ್ರು ಉಳ್ಸಕೆ ಬರಲ್ಲ. ಸೀರೆಗ್ ಆಕುದ್ ಗಂಜಿ ಇದ್ಕಾಕುದ್ರೆ ಯಾವ ದ್ಯಾವ್ರು ಕ್ವಾಪ ಮಾಡ್ಕತಾನೆ? ಅದ್ದಿ ಅಂತೀನಿ."

ಚೌಡಯ್ಯ ಅದ್ದಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಒಣಗಿದ ಗಂಜಿ ಎಳೆಗಳನ್ನು ಎಡಗಡೆಯ ರೆಕ್ಕೆಗೂ ಬರಿಯ ಎಳೆಗಳನ್ನು ಬಲಗಡೆಯದಕ್ಕೂ ಅಂಟಿಸುವಂತೆ ಬಿಳಿಗಿರಿಗೆ ಹೇಳಿ, ಮೂವರೂ ಮಾಳಿಗೆ ಹತ್ತೋಣ ಎಂದರು. ಆಷಾಢದ ಗಾಳಿ ಆಗಲೇ ಊರಿನ ಹೆಂಚುಗಳನ್ನು ಅಲುಗಿಸುತ್ತಿತ್ತು.

ಮೇಲೆ ಹೋದಮೇಲೆ ಮಾದರಿಯನ್ನು ರುದ್ರಾಣಮ್ಮ ತಾನೇ ಹಿಡಿಯುತ್ತೇನೆಂದಳು. ಕಂಕುಳಿಗೆ ಎರಡೂ ಕೈ ಕೊಟ್ಟು ಕೂಸನ್ನು ಎತ್ತುವ ಹಾಗೆ ಎತ್ತಿದಳು. ಮೂತಿಯನ್ನು ಗಾಳಿಗೆ ಕೊಟ್ಟು ಸ್ವಲ್ಪ ಮೇಲಕ್ಕೆ ಎತ್ತಬೇಕು, ನೆಲಕ್ಕೆ ಇಳಿಯುವಾಗ ವಿಮಾನ ಹಾಗೆಯೇ ಇರುತ್ತದೆ ಎಂದು ಬಿಳಿಗಿರಿ ತೋರಿಸಿಕೊಟ್ಟ. ಅವಳು ಎತ್ತಿದಳು.

ಎಡ ರೆಕ್ಕೆಯ ಎಳೆಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಲಗಿದ್ದವು. ಬಲಗಡೆಯಲ್ಲೂ ತುದಿಯ ಎಳೆಗಳು ನೆಟ್ಟಗೇ ಇದ್ದವು. ಬುಡದಲ್ಲಿ, ಗುರು ಕೂರುವ ಜಾಗದ ಹಿಂದೆ, ಹದಿನೈದಿಪ್ಪತ್ತು ಎಳೆಗಳು ಎದ್ದು ನಿಂತು, ಹಿಂದುಮುಂದಾಗಿ ತಿರುಗಿ, ಗಡಗಡ ನಡುಗಿದವು. ಗಾಳಿ ಒಂದೇ, ರೆಕ್ಕೆಯ ಆಕಾರವೂ ಒಂದೇ.

ಚೌಡಯ್ಯನವರು ಹೆಂಡತಿಯ ಮುಖ ನೋಡಲಾರದೆ ಬೆಟ್ಟದ ಕಡೆ ತಿರುಗಿದರು. ಹಡೆದವಳ ಮುಂದೆ ಗಂಜಿ ಬೇಡ ಎಂದು ಹೇಳುವುದು ಅವರಿಂದಾಗಲಿಲ್ಲ.

ರುದ್ರಾಣಮ್ಮ ಆ ನಡುಗುವ ಎಳೆಗಳನ್ನೇ ನೋಡುತ್ತ ಕೇಳಿದಳು.

"ಇದ್ರಲ್ಲಿ ಕಲಿಯಾಕ್ ಬರೋ ಐಕ್ಳು ಎಷ್ಟ್ ವರ್ಸದೋರು, ಬಿಳಿಗಿರಿ?"

"ಹತ್ತೊಂಬತ್ತು. ಇಪ್ಪತ್ತು."

ಅವಳು ಗಾಳಿಗೆ ಬೆನ್ನು ಮಾಡಿ ನೆಲಕ್ಕೆ ಕುಳಿತಳು. ಮಾದರಿಯನ್ನು ಮಡಿಲಲ್ಲಿ ಮಲಗಿಸಿ, ಮಗುವಿನ ತಲೆಯಿಂದ ಹೇನು ಹೆಕ್ಕುವವಳಂತೆ, ಎಡ ರೆಕ್ಕೆಯ ಗಂಜಿ ಎಳೆಗಳನ್ನು ಒಂದೊಂದಾಗಿ ಕೀಳತೊಡಗಿದಳು.